ಬೆಳ್ಳಿ ಬಣ್ಣ ಬಳಿದ ವಾಲ್ವು

ಕೂಲಿಯಾಳು ಮಹದೇವುವಿನ ಮೇಲೆ ಕುದಿಯುವ ಕಬ್ಬಿನ ಹಾಲು ಉಕ್ಕಿ ಬಿದ್ದದ್ದಕ್ಕೆ ದೊಡ್ಡಮಾದಯ್ಯನೇ ಕಾರಣವೆಂದು ಕಾರ್ಖಾನೆಯೆಲ್ಲ ಆಡಿಕೊಂಡಿತು. ಆಡಿಕೊಳ್ಳಲಿ, ಅದು ಅವನಿಗೆ ಹೊಸದಲ್ಲ. ಹೊಟ್ಟೆ ಉರಿಸಿದ್ದು ಬೇರೆಯೇ: ಆ ಮಾತನ್ನು ಮೊದಲು ಆಡಿದವನು ಅವನ ಸ್ವಂತ ಅಳಿಯ ಮೂರ್ತಿ.

ಕೊಳ್ಳೇಗಾಲದಿಂದ ಯಳಂದೂರಿನ ಕಡೆಗೆ ಹೋಗುವ ರಸ್ತೆಯಲ್ಲಿದೆ ಆ ಬೆಲ್ಲದ ಪುಡಿ ಕಾರ್ಖಾನೆ. ದೊಡ್ಡಮಾದಯ್ಯ ಅಲ್ಲಿ ಆಪರೇಟರು, ಮೂರ್ತಿ ಮೆಕ್ಯಾನಿಕ್ಕು. ಹಬೆಯ ಪೈಪಿನ ನಡುವೆ ಒಂದು ಕಂಟ್ರೋಲ್ ವಾಲ್ವು. ಕೊಪ್ಪರಿಗೆಯ ಕಾವು ಕಡಿಮೆಯಾದರೆ ಗಾಳಿಯ ಒತ್ತಡ ಅದರ ಕಡ್ಡಿಯನ್ನು ಮೇಲೆತ್ತಿ ಹಬೆ ಹೆಚ್ಚು ಬಿಡುತ್ತದೆ. ಕಾವು ಏರಿದರೆ ಗಾಳಿ ತಗ್ಗಿ, ಸ್ಪ್ರಿಂಗು ಕಡ್ಡಿಯನ್ನು ಕೆಳಕ್ಕೆ ಒತ್ತಿ ದಾರಿ ಮುಚ್ಚುತ್ತದೆ. ವಾಲ್ವು ಕೆಟ್ಟರೆ ಇರಲಿ ಎಂದು ಪಕ್ಕದಲ್ಲೇ ಹಬೆಗೆ ಇನ್ನೊಂದು ದಾರಿ, ಕೈಯಲ್ಲಿ ಚಕ್ರ ತಿರುಗಿಸಿ ತೆರೆಯುವ ಬೈಪಾಸು. ಮೊದಮೊದಲು ದೊಡ್ಡಮಾದಯ್ಯನಿಗೆ ವಾಲ್ವಿನ ಮೇಲೆ ನಂಬಿಕೆಯಿರಲಿಲ್ಲ. ಬೈಪಾಸನ್ನು ಸದಾ ಒಂಚೂರು ತೆರೆದಿಟ್ಟು ಬೈಸಿಕೊಳ್ಳುತ್ತಿದ್ದ. ಆ ಚಾಳಿ ಬಿಟ್ಟು ವರ್ಷಗಳಾಗಿದ್ದವು, ಕೆಟ್ಟ ಹೆಸರು ಮಾತ್ರ ಅಂಟಿಕೊಂಡೇ ಇತ್ತು.

ಆಯುಧಪೂಜೆಗೆ ಎಲ್ಲವೂ ಫಳಫಳ ಅನ್ನಬೇಕೆಂದು ಮ್ಯಾನೇಜರ್ ವೃಷಭೇಂದ್ರಪ್ಪ ಹೇಳಿದ್ದರು. ಮೂರ್ತಿ ಪೈಪುಗಳಿಗೆಲ್ಲ ಬೆಳ್ಳಿ ಬಣ್ಣ ಬಳಿದ. ಅಷ್ಟಕ್ಕೇ ಬಿಡಬಾರದಿತ್ತೇ ಪುಣ್ಯಾತ್ಮ! ಗಾಳಿ ಕೊಟ್ಟು ವಾಲ್ವಿನ ಕಡ್ಡಿಯನ್ನು ಪೂರ್ತಿ ಮೇಲೆತ್ತಿಸಿ, ಅದಕ್ಕೂ ದಪ್ಪಗೆ ಎರಡು ಕೈ ಬಳಿದ. ದೊಡ್ಡಮಾದಯ್ಯ ವಾಲ್ವಿನ ತಲೆಗೆ ವಿಭೂತಿ ಎಳೆದು, ಸೇವಂತಿಗೆ ಸಿಕ್ಕಿಸಿ, "ಮದ್ವೆ ಗಂಡ್ನಂಗೆ ಕಾಣ್ತಾವ್ನೆ ಕಣಪ್ಪ" ಎಂದು ನಕ್ಕ. ಬಣ್ಣ ಒಣಗಿದರೆ ಕಡ್ಡಿ ಕಚ್ಚಿಕೊಂಡೀತೆಂದು ಇಬ್ಬರಿಗೂ ಹೊಳೆಯಲಿಲ್ಲ.

ಹಬ್ಬ ಕಳೆದು ಕಾರ್ಖಾನೆ ಶುರುವಾಯಿತು. ಹಾಲು ಕಾದಿತು, ವಾಲ್ವಿಗೆ ಮುಚ್ಚಿಕೋ ಎಂದು ಆಜ್ಞೆ ಹೋಯಿತು. ದೊಡ್ಡಮಾದಯ್ಯನ ಮುಂದಿನ ಪರದೆ ಸೊನ್ನೆ ತೋರಿಸಿತು. ಆ ಪರದೆ ತೋರಿಸುವುದು ಕೊಟ್ಟ ಆಜ್ಞೆಯನ್ನು ಮಾತ್ರ, ಕಡ್ಡಿ ಇಳಿಯಿತೋ ಇಲ್ಲವೋ ಅದಕ್ಕೇನು ಗೊತ್ತು? ಬಣ್ಣ ಮೆತ್ತಿದ ಕಡ್ಡಿ ಸ್ವಲ್ಪ ಇಳಿದು, ವಾಲ್ವಿನ ಕತ್ತಿನಲ್ಲಿ ಕಚ್ಚಿಕೊಂಡು ನಿಂತಿತ್ತು. ಹಬೆ ನುಗ್ಗುತ್ತಲೇ ಇತ್ತು. ಕೊಪ್ಪರಿಗೆಯ ಮೇಲೆ ತೇಲುವ ಮಡ್ಡಿ ತೆಗೆಯುತ್ತಿದ್ದ ಮಹದೇವು ಕಿರುಚಿಕೊಂಡಾಗಲೇ ದೊಡ್ಡಮಾದಯ್ಯ ಓಡಿದ್ದು. ಹಬೆಯ ದೊಡ್ಡ ಚಕ್ರ ತಿರುಗಿಸಿ ನಿಲ್ಲಿಸುವಷ್ಟರಲ್ಲಿ ಮಹದೇವುವಿನ ಎದೆ, ತೋಳು ಬೆಂದಿದ್ದವು.

ಸುಕ್ಕುಗಟ್ಟಿದ ಆ ಬಣ್ಣವನ್ನು ಮಾವ ಅಳಿಯ ಇಬ್ಬರೂ ಕಂಡರು. ಮೂರ್ತಿಯ ಮುಖ ಬಿಳಿಚಿಕೊಂಡಿತು. ಮಹದೇವುವನ್ನು ಆಸ್ಪತ್ರೆಗೆ ಸೇರಿಸಿ ದೊಡ್ಡಮಾದಯ್ಯ ಹಿಂದಿರುಗಿದಾಗ ಕಡ್ಡಿ ಎಣ್ಣೆ ಹಚ್ಚಿಕೊಂಡು ಸರಾಗವಾಗಿ ಏರಿಳಿಯುತ್ತಿತ್ತು. ಬಣ್ಣದ ಗುರುತೇ ಇಲ್ಲ! ಮೂರ್ತಿ ಮ್ಯಾನೇಜರಿಗೆ ಹೇಳುತ್ತಿದ್ದ:

"ವಾಲ್ವು ಸರ್ಯಾಗೇ ಐತೆ ಸಾ. ನಮ್ಮಾವ್ನಿಗೆ ಮೊದ್ಲಿಂದ್ಲೂ ಬೈಪಾಸ್ ತಗ್ಯೋ ಅಭ್ಯಾಸ."

ದೊಡ್ಡಮಾದಯ್ಯ ಸಿಟ್ಟಿನಿಂದ ಮುಂದೆ ನುಗ್ಗಿ ಬಾಯಿ ತೆರೆದ. ವೃಷಭೇಂದ್ರಪ್ಪನವರು, ನಾಳೆ ವಿಚಾರಣೆ, ಅಲ್ಲೇ ಹೇಳು ಎಂದು ಅವನ ಬಾಯಿ ಮುಚ್ಚಿಸಿದರು.

ಸಂಜೆ ಮಧುವನಹಳ್ಳಿಯ ಮನೆಗೆ ಮಗಳು ಪದ್ಮಿನಿ ಬಂದಳು. ಕೂರಲೂ ಇಲ್ಲ.

"ಅಪ್ಪಾ, ನೀನು ಇನ್ನೇನು ಕೆಲ್ಸ ಬಿಡೋನೆಯಾ. ಅವ್ರ ಕೆಲ್ಸ ಓದ್ರೆ ನಾನೆಲ್ಗೋಗ್ಲಿ?"

"ಬಣ್ಣ ಬಳ್ದುದ್ಕೆ ನಂಗೆ ಸಿಟ್ಟಿಲ್ಲ ಕಣವ್ವ. ನಂಗೂ ಚೆಂದಾಗೇ ಕಂಡಿತ್ತು. ಅದ್ನ ಕೆರ್ದಾಕಿ ನನ್ ತಲೆಗೆ ಕಟ್ಟುದ್ನಲ್ಲ, ಅವ್ನೇನು ಮನ್ಸನಾ?"

"ಎದ್ರಿಕೊಂಡು ಮಾಡ್ಬುಟ್ರಪ್ಪ," ಎಂದು ಪದ್ಮಿನಿ ಅಳತೊಡಗಿದಳು. ಹೆಂಡತಿ ಶಿವನಂಜಮ್ಮನೂ ಮಗಳ ಪರವೇ ನಿಂತಳು. ತನ್ನ ಮನೆಯಲ್ಲೇ ತನಗೆ ನ್ಯಾಯವಿಲ್ಲವಲ್ಲ ಎಂದು ದೊಡ್ಡಮಾದಯ್ಯ ಉಣ್ಣದೆ ಎದ್ದ.

ಮರುದಿನ ವಿಚಾರಣೆಯಲ್ಲಿ, "ಬೈಪಾಸು ನಾನೇ ತಗ್ದಿದ್ದೆ ಸಾ" ಎಂದುಬಿಟ್ಟ. ಕೆಲಸದಿಂದ ತೆಗೆದರು. ಮೂರ್ತಿ ತಲೆ ಬಗ್ಗಿಸಿ ನಿಂತಿದ್ದ, ಮಾವಾ ಅನ್ನಲಿಲ್ಲ. ಥೂ, ಅಂಥವನಿಗೆ ಹೆಣ್ಣು ಕೊಟ್ಟೆನಲ್ಲ ಎಂದು ದೊಡ್ಡಮಾದಯ್ಯ ತನ್ನನ್ನೇ ಬೈದುಕೊಂಡ.

ಕೆಲಸ ಹೋದದ್ದನ್ನು ಹೇಗೋ ನುಂಗಿಕೊಂಡ. ಮಹದೇವುವಿಗೆ ಮುಖ ತೋರಿಸುವುದೇ ಕಷ್ಟವಾಗಿತ್ತು. ಕೊನೆಗೆ ಪದ್ಮಿನಿಯನ್ನು ಕರೆದುಕೊಂಡು, ಗಂಜಿ ತೆಗೆದುಕೊಂಡು ಆಸ್ಪತ್ರೆಗೆ ಹೋದ. ಕಂಡೊಡನೆ ಮಹದೇವುವಿನ ಹೆಂಡತಿ ಲಕ್ಷ್ಮಿದೇವಿ ಎದ್ದು ನಿಂತಳು.

"ಯಾವ್ ಮೊಕ ಒತ್ಕಂಡು ಬಂದ್ಯಪ್ಪಾ? ನನ್ ಗಂಡನ್ನ ಬೇಯ್ಸಿದ್ದು ಸಾಲ್ದಾ?"

"ಸುಮ್ಕಿರಮ್ಮಿ," ಎಂದ ಮಹದೇವು. ದನಿ ಕ್ಷೀಣವಾಗಿತ್ತು. "ಅಣ್ಣ ಅಂಥೋನಲ್ಲ. ಅವತ್ತು ನಾನು ಬೈಪಾಸ್ ಚಕ್ರದ ಮುಂದ್ಲಿಂದ್ಲೇ ಬಂದೆ, ಮುಚ್ಕಂಡೇ ಇದ್ದಂಗಿತ್ತು. ಎಲ್ರೂ ನಂಗೆ ಸರ್ಯಾಗಿ ಕಂಡಿಲ್ಲ ಅಂತಾರೆ. ನೀನೇ ಯೋಳಣ್ಣ. ನೀನು ತಗ್ದಿರ್ನಿಲ್ಲ ಅಲ್ವಾ? ನೀನೊಂದ್ ಮಾತು ಅಂದ್ರೆ ಸಾಕು, ನಾನು ನಂಬ್ತೀನಿ."

ಇಡೀ ಕಾರ್ಖಾನೆಯಲ್ಲಿ ಅವನನ್ನು ನಂಬಿದವನು ಇವನೊಬ್ಬನೇ. ದೊಡ್ಡಮಾದಯ್ಯ ಮಗಳ ಕಡೆ ನೋಡಿದ. ಗಂಜಿಯ ಪಾತ್ರೆ ಹಿಡಿದಿದ್ದ ಪದ್ಮಿನಿ ಕಣ್ಣಲ್ಲೇ ಬೇಡಿಕೊಂಡಳು.

"ನಾನೇ ತಗ್ದಿದ್ದೆ ಕಣ್ಲಾ ಮಹದೇವು."

ಮಹದೇವು ಬೇಯದೆ ಉಳಿದ ಕೈಯಿಂದ ಹೊದಿಕೆಯನ್ನು ಮುಖದ ಮೇಲೆಳೆದುಕೊಂಡ.

"ಎದ್ದೋಗು," ಎಂದ. ಅಣ್ಣ ಎನ್ನಲಿಲ್ಲ.