ಖಾಲಿ ಚೀಟಿಯ ನಾಲ್ಕು ಸಾಲು

ಇಪ್ಪತ್ತೊಂದನೆಯ ಸಾಲಿನ ಕೊನೆಯ ಬಳ್ಳಿಯ ಮುಂದೆ ಶ್ರೀಪಾದ ಕುಕ್ಕರುಗಾಲಲ್ಲಿ ಕೂತು ಬುಡದ ಮಣ್ಣನ್ನು ಬೆರಳಿನಿಂದ ಸರಿಸಿದ. ಕಾಂಡ ನೆಲಕ್ಕೆ ತಾಗುವಲ್ಲಿ ಕಪ್ಪಗಾಗಿತ್ತು. ಒತ್ತಿದರೆ ಬೆಂದ ಬದನೆಕಾಯಿಯ ಹಾಗೆ ಮೆತ್ತಗೆ ಒಳಹೋಯಿತು. ಬೆರಳನ್ನು ಹುಲ್ಲಿಗೆ ಒರೆಸಿಕೊಂಡು ಮೂಸಿ ನೋಡಿದ. ಹೋದ ವಾರ ಈ ವಾಸನೆಗೆ ಮುಖ ತಿರುಗಿಸಿಕೊಂಡಿದ್ದ. ಈ ಸಲ ತಿರುಗಿಸಲಿಲ್ಲ.

"ಆಚೀ ಸಾಲಿಗೆ ನೀಲಿ ನೀರು ಹೊಡದ್ರಿ. ಇಲ್ಲಿಗೆ ಯಾಕ ಬರಲಿಲ್ರಿ ರಾಯರ?"

ಅವನು ತಿರುಗಿ ನೋಡಿದ. ನಲವತ್ತೈದರ ಆಸುಪಾಸಿನ ಹೆಂಗಸು, ಬಳ್ಳಿ ಕಟ್ಟುವ ಜೊಂಡನ್ನು ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದಳು. ಎರಡು ತಿಂಗಳಿಂದ ತೋಟದಲ್ಲಿ ನೋಡುತ್ತಲೇ ಇದ್ದ. ಕೂಲಿಯವಳೆಂದು ತಿಳಿದಿದ್ದ.

"ಇವು ಖಾಲಿ ಚೀಟಿ ಬಿದ್ದ ಸಾಲು. ಇವಕ್ಕ ಹೊಡಿಯೂದಿಲ್ಲ."

"ಚೀಟಿ ಯಾರಿಗಿ ಬಿತ್ತು? ನನಗಂತೂ ಯಾರೂ ಎತ್ತಂತ ಹೇಳಲಿಲ್ಲ." ಅವಳು ಒಂದು ಬಳ್ಳಿಯ ಹಳದಿ ಎಲೆಯನ್ನು ತಿರುವಿ ನೋಡಿದಳು. "ಈ ನಾಕು ಸಾಲು ನನ್ನೂವು. ನಾ ಖಾದರನ ಅಕ್ಕ, ಅಖ್ತರುನ್ನೀಸಾ."

ಸವಣೂರಿನ ಹೊರಗಿನ ಈ ವೀಳ್ಯದೆಲೆಯ ತೋಟದಲ್ಲಿ ಒಟ್ಟು ಇಪ್ಪತ್ತನಾಲ್ಕು ಸಾಲು. ನಾಲ್ಕು ಸಾಲಿಗೆ ಒಂದರಂತೆ ಶ್ರೀಪಾದ ಆರು ಭಾಗ ಮಾಡಿದ್ದ. ಮೂರು ಭಾಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಔಷಧ. ಮೂರು ಭಾಗವನ್ನು ರೋಗಕ್ಕೆ ಬಿಟ್ಟುಕೊಡುವುದು. ಮಳೆಗಾಲ ಮುಗಿಯುವವರೆಗೆ ಎಂಟು ದಿನಕ್ಕೊಮ್ಮೆ ಎರಡೂ ಕಡೆಯ ಸತ್ತ ಬಳ್ಳಿ ಎಣಿಸುವುದು. ಯಾವುದಕ್ಕೆ ಔಷಧ ಎಂಬುದನ್ನು ತಾನೇ ಆರಿಸಿದರೆ ಕಣ್ಣು ತಾನಾಗಿ ಒಳ್ಳೆಯ ಬಳ್ಳಿಯ ಕಡೆ ಹೋಗುತ್ತದೆ. ಚೀಟಿಗೆ ಕಣ್ಣಿಲ್ಲ. ಪುಣೆಯ ಕಾಲೇಜಿನಲ್ಲಿ ಆ ವರ್ಷ ಹೊಸದಾಗಿ ಕಲಿಸಿದ ನಿಯಮ ಇದು. ಔಷಧದ್ದು ಮೂರು, ಖಾಲಿ ಮೂರು, ಹೀಗೆ ಆರು ಚೀಟಿಗಳನ್ನು ತನ್ನ ಕರಿ ಟೊಪ್ಪಿಗೆಯಲ್ಲಿ ಹಾಕಿ ತೋಟದ ಯಜಮಾನ ಖಾದರಸಾಬನ ಮುಂದೆ ಹಿಡಿದಿದ್ದ. ಖಾದರಸಾಬ ಕೈ ತೊಳೆದುಕೊಂಡು ಬಂದು, ಕಣ್ಣು ಮುಚ್ಚಿ, "ಬಿಸ್ಮಿಲ್ಲಾ" ಎಂದು ಒಂದೊಂದೇ ಎತ್ತಿದ್ದ. ಆಗ ಶ್ರೀಪಾದನಿಗೆ ಒಳಗೊಳಗೇ ನಗು ಬಂದಿತ್ತು.

ಅವನು ನೋಟ್‌ಬುಕ್ ಮಡಚಿ ಬಾವಿಯ ಕಡೆ ನಡೆದ. ಖಾದರಸಾಬ ಎತ್ತುಗಳನ್ನು ಹಿಂದಕ್ಕೂ ಮುಂದಕ್ಕೂ ನಡೆಸುತ್ತ ನೀರೆತ್ತುತ್ತಿದ್ದ.

"ಕಡೀ ನಾಕು ಸಾಲು ನಿಮ್ಮ ಅಕ್ಕಂದಂತ. ಯಾಕ ಹೇಳಲಿಲ್ಲ?"

"ನೀವೆಲ್ಲಿ ಕೇಳಿದ್ರಿ? ಬೇಲಿ ಒಂದ, ಬಾಂವಿ ಒಂದ. ಪಾಲು ಅನ್ನೂದು ಮನಿಯೊಳಗಿನ ಮಾತು. ಹೊರಗಿನವರ ಮುಂದ ಡಂಗರ ಹೊಡೀಲೇನು?"

"ಆಕೀ ಬಳ್ಳಿ ಸಾಯ್ಲಿಕತ್ತಾವ."

"ನನ್ನೂವೂ ಸಾಯಾಕತ್ತಾವ, ಎಂಟು ಸಾಲು. ನಾ ಏನರೆ ಅಂದೇನೇನು?" ಖಾದರಸಾಬ ನಕ್ಕ. "ನಿಮ್ಮ ಟೊಪಗಿ ಸುಮಾರೈತ್ರಿ ರಾಯರ. ನನ್ನ ಟೊಪಗಿಯೊಳಗ ಹಾಕಿದ್ದರ ಎಲ್ಲಾ ಔಷಧದ ಚೀಟೀನ ಬರತಿದ್ವು."

ಎತ್ತುಗಳು ನಿಂತವು. ನೀರು ಕಾಲುವೆಗೆ ಧುಮ್ಮೆಂದು ಬಿತ್ತು. ಅವನ ನಗು ಅಷ್ಟರಲ್ಲಿ ಹೋಗಿತ್ತು.

"ನನ್ನ ಸಾಲಿನ ಎಲಿ ಕೊಯ್ಕೋ ಅಂತ ಆಪಾಗ, ನಮ್ಮ ಅಕ್ಕಗ, ಹೇಳೇನ್ರಿ. ಒಲ್ಲೆ ಅಂತಾಳ. ಅಪ್ಪ ಕೊಟ್ಟಿದ್ದು ನಾಕು ಸಾಲು, ಅದರಾಗ ಉಂಡೇನಿ, ಅದರಾಗ ಸಾಯ್ತೇನಿ ಅಂತಾಳ. ಗಂಡ ಸತ್ತು ತಿರುಗಿ ಬಂದಾಗಿಂದ ನನ್ನ ಮನ್ಯಾಗ ಆಕೀದು ಬ್ಯಾರೆ ಒಲಿ. ಹನ್ನೆರಡು ವರ್ಷಾತು. ಆ ಸಾಲು ಹ್ವಾದ್ರ ಆ ಒಲಿ ಆರತೈತಿ, ನಮ್ಮ ಒಲೀ ಮುಂದ ಬಂದು ಕುಂದ್ರಬೇಕು. ಅದು ಆಕೀಗಿ ಬ್ಯಾಡಾಗೇತಿ."

ಶ್ರೀಪಾದ ನೋಟ್‌ಬುಕ್ಕನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ. ಬೇಲಿಯ ಹೊರಗೆ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡು ಊರ ಕಡೆ ಹೊರಟ.

ಅವನು ಇಳಿದುಕೊಂಡಿದ್ದು ಮಠದ ಓಣಿಯಲ್ಲಿ, ಸೋದರತ್ತೆ ಗೋಪಿಕಾಬಾಯಿಯ ಮನೆಯಲ್ಲಿ. ಅವನ ಸ್ವಂತ ಊರು ಹಾನಗಲ್ಲು. ಅಲ್ಲಿ ಅಪ್ಪ ಶಾಸ್ತ್ರ ಹೇಳುತ್ತಿದ್ದರು. ಮಗ ಪುಣೆಯಲ್ಲಿ ಬಳ್ಳಿಯ ರೋಗ ಓದುತ್ತಾನೆಂದು ಯಾರಿಗಾದರೂ ಹೇಳಬೇಕಾದಾಗ ಅವರು "ವೈದ್ಯಕದಂಥದ್ದೇ" ಎನ್ನುತ್ತಿದ್ದರು. ಗೋಪಿಕಾಬಾಯಿ ಹಾಗೆ ಮುಚ್ಚಿ ಮಾತಾಡುವವಳಲ್ಲ.

"ಬಂದ್ಯೇನೋ? ಇವತ್ತೆಷ್ಟು ಹೆಣ ಎಣಿಸಿದಿ?" ಎಂದು ಹಿತ್ತಲ ಬಾಗಿಲಲ್ಲೇ ತಡೆದು ಕಾಲಿಗೆ ನೀರು ಕೊಟ್ಟಳು. "ಔಷಧ ಗೊತ್ತದ ಅಂತೀ, ಕೊಡೂದಿಲ್ಲ ಅಂತೀ. ಸಾಯೂದನ್ನ ನೋಡ್ಕೋತ ಕೂಡ್ಲಿಕ್ಕೆ ಪುಣೆಕ್ಕ ಯಾಕ ಹೋಗಬೇಕಾಗಿತ್ತೋ? ನಮ್ಮ ಓಣ್ಯಾಗಿನ ಪಂಡಿತ ಇಲ್ಲೇ ಕೂತು ಮಾಡ್ತಾನ ಆ ಕೆಲಸ."

"ಔಷಧದಿಂದನ ಉಳೀತು ಅಂತ ತೋರಸ್ಬೇಕಲ್ಲ ಅತ್ಯಾ. ಇಲ್ಲದಿದ್ರ ಮಳಿ ಕಡಿಮಿ ಆಗಿ ಉಳೀತು ಅಂತಾರ."

"ಅಂದ್ರ ಅನ್ಲಿ. ಉಳೀತಲ್ಲ?"

ಗೋಡೆಯ ಮಾಡದಲ್ಲಿ ಪುಣೆಯಿಂದ ಬಂದ ಲಕೋಟೆ ಇತ್ತು. ಪ್ರೊಫೆಸರರು ಚಿಕ್ಕದಾಗಿ ಬರೆದಿದ್ದರು. ಹಿಂದಿನ ಎರಡು ಎಣಿಕೆ ಚೆನ್ನಾಗಿವೆ. ಖಾಲಿ ಸಾಲುಗಳನ್ನು ಕಾಯುವುದು ಮುಖ್ಯ. ಹೋದ ವರ್ಷ ಹಿರೇಕೆರೂರಿನ ಕಡೆ ಏನಾಯಿತೆಂದು ನಿಮಗೆ ಗೊತ್ತಿದೆ. ಗೊತ್ತಿತ್ತು. ಅಲ್ಲಿ ರೈತನೊಬ್ಬ ಉಳಿದ ಔಷಧ ಬೇಡಿಕೊಂಡು ಎಲ್ಲ ಸಾಲಿಗೂ ಹೊಡೆದುಬಿಟ್ಟಿದ್ದ. ತೋಟ ಉಳಿಯಿತು. ಶ್ರೀಪಾದನ ಒಂದು ವರ್ಷದ ಕೆಲಸ ಹೋಯಿತು. ಈ ವರ್ಷವೂ ಹೋದರೆ ಪದವಿಯೂ ಇಲ್ಲ, ಶಿಷ್ಯವೃತ್ತಿಯೂ ಇಲ್ಲ. ಹಾನಗಲ್ಲಿನ ಸಾಲೆಯಲ್ಲಿ ಮಾಸ್ತರಿಕೆ.

ಊಟವಾದ ಮೇಲೆ ಹಾಳೆ ತೆಗೆದುಕೊಂಡು ಕೂತ. ಅಖ್ತರುನ್ನೀಸಾಳ ಸಾಲುಗಳಿಗೆ ಈಗಲೇ ಔಷಧ ಹೊಡೆದರೆ ಖಾಲಿ ಭಾಗ ಎರಡೇ ಉಳಿಯುತ್ತವೆ. ಎರಡರ ಮೇಲೆ ಲೆಕ್ಕ ನಿಲ್ಲಲಿಲ್ಲ. ಇನ್ನೊಂದು ಎಣಿಕೆಯವರೆಗೆ, ಅಂದರೆ ಎಂಟು ದಿನ ಬಿಟ್ಟರೆ, ಕುಂಟುತ್ತ ನಿಲ್ಲುವ ಹಾಗೆ ಕಂಡಿತು. ಅವಳ ನೂರರವತ್ತು ಬಳ್ಳಿಯಲ್ಲಿ ಇನ್ನೂ ನೂರ ಹದಿನೆಂಟು ಬದುಕಿದ್ದವು. ಎಂಟು ದಿನದಲ್ಲಿ ಎಷ್ಟು ಸತ್ತು ಎಷ್ಟು ಉಳಿಯಬಹುದು ಎಂದು ಅಂದಾಜು ಹಾಕಿ, ಆ ಅಂಕೆಯನ್ನು ಬರೆಯದೆ ಹಾಳೆ ಮಡಚಿದ. ನಿದ್ದೆ ಚೆನ್ನಾಗಿ ಬಂತು.

ಆ ಎಂಟು ದಿನವೂ ಮಳೆ ಬಿಡಲಿಲ್ಲ. ಮುಂದಿನ ಎಣಿಕೆಯಲ್ಲಿ ಅವಳ ಸಾಲುಗಳಲ್ಲಿ ಎಪ್ಪತ್ತೊಂದು ಬಳ್ಳಿ ಉಳಿದಿದ್ದವು. ಅವನ ಅಂದಾಜು ಎಪ್ಪತ್ತು. ಅಂದಾಜು ಸರಿಹೋಯಿತೆಂದು ಮೊದಲು ಅನ್ನಿಸಿತು. ಆಮೇಲೆ ಏನೂ ಅನ್ನಿಸಲಿಲ್ಲ.

ಎರಡು ದಿನ ಬಿಟ್ಟು, ಗುರುವಾರ, ಅತ್ತೆಯ ಹಿತ್ತಲಲ್ಲಿ ಒಂದು ಮಣ್ಣಿನ ಗಡಿಗೆಯಲ್ಲಿ ಮೈಲುತುತ್ತ ಕರಗಿಸಿದ. ಇನ್ನೊಂದರಲ್ಲಿ ಸುಣ್ಣ ಕಲಸಿದ. ಎರಡನ್ನೂ ಮೂರನೆಯ ಗಡಿಗೆಗೆ ಒಟ್ಟಿಗೇ ಸುರಿದ. ತಿಳಿನೀಲಿ ಗಂಜಿಯಂಥ ನೀರಾಯಿತು. ಹೊಳೆಯುವ ಚಾಕುವನ್ನು ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದು ನೋಡಿದ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ಅರ್ಥ, ಬಳ್ಳಿ ಸುಡುತ್ತದೆ. ಹತ್ತಿರಲಿಲ್ಲ. ಕಲಸಿದ ದಿನವೇ ಹೊಡೆಯಬೇಕು, ಮರುದಿನಕ್ಕೆ ಅದರಲ್ಲಿ ಶಕ್ತಿ ಉಳಿಯುವುದಿಲ್ಲ. ಗಡಿಗೆಯನ್ನು ಬಾಡಿಗೆ ಚಕ್ಕಡಿಯಲ್ಲಿ ಇಟ್ಟುಕೊಂಡು ತೋಟಕ್ಕೆ ಹೋದ.

ಅಖ್ತರುನ್ನೀಸಾ ತನ್ನ ಸಾಲಿನ ಕೊನೆಯಲ್ಲಿ ಕೂತು ಎಲೆ ಜೋಡಿಸುತ್ತಿದ್ದಳು. ಖಾದರಸಾಬ ಪಕ್ಕದಲ್ಲೇ ಒಣಗಿದ ನುಗ್ಗೆಯ ರೆಂಬೆ ಕಡಿಯುತ್ತಿದ್ದ. ಗಡಿಗೆ ನೋಡಿ ಇಬ್ಬರೂ ಕೈ ನಿಲ್ಲಿಸಿದರು.

"ಇವಕ್ಕ ಹೊಡೀತೇನಿ," ಎಂದ ಶ್ರೀಪಾದ. ಅಖ್ತರುನ್ನೀಸಾಳನ್ನು ಏನೆಂದು ಕರೆಯಬೇಕೋ ತಿಳಿಯದೆ ಬಳ್ಳಿಯ ಕಡೆಗೇ ಮಾತಾಡಿದ. "ರೋಗ ಹತ್ತಿದ್ದು ಉಳಿಯೂದಿಲ್ಲ. ಹತ್ತದೇ ಇದ್ದದ್ದು ಉಳೀಬಹುದು."

"ಈಗೇನ ಚೀಟಿ ತಿರಿಗಿ ಎತ್ತೂದೇನ್ರಿ?" ಖಾದರಸಾಬ ಕೇಳಿದ.

"ಇಲ್ಲ. ಸುಮ್ನ ಹೊಡಿಯೂದು."

"ಸುಮ್ನ ಹೆಂಗ ಹೊಡೀತೀರಿ?" ಖಾದರಸಾಬ ಕೊಡಲಿಯನ್ನು ಕೆಳಗಿಟ್ಟ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ನಾ ಕೈ ತೊಳ್ಕೊಂಡು, ಅಲ್ಲಾನ ಹೆಸರು ತಗೊಂಡು ಎತ್ತಿದ ಚೀಟಿ ಅದು. ಆ ಚೀಟಿ ಮಾತಿಗೆ ನನ್ನ ಎಂಟು ಸಾಲು ಹ್ವಾದ್ವು. ಮಗ್ಗಲ ಸಾಲಿಗೆ ಔಷಧ ಹೊಡೆಯಾಕತ್ತಾಗ ನಾ ಒಂದು ಬೊಗಸಿ ಕದ್ದೇನೇನು? ಕದಿಬೌದಿತ್ತು. ನೀವು ಊರಾಗಿರತಿದ್ರಿ. ಈಗ ನಮ್ಮ ಆಪಾನ ಚೀಟಿ ಸುಳ್ಳು ಅಂದ್ರ, ನನ್ನೂವು ಯಾತಕ್ಕ ಸತ್ವು, ಹೇಳ್ರಿ?"

ಚೀಟಿಯಲ್ಲಿ ಅಲ್ಲಾ ಇಲ್ಲ, ನಾನು ನೋಟ್‌ಬುಕ್ಕಿನಿಂದ ಹರಿದ ಹಾಳೆ ಅದು ಎಂದು ಹೇಳಬಹುದಾಗಿತ್ತು. ಹೇಳಬೇಕೆಂದು ಬಾಯಿ ತೆರೆದ. ಆಗಲೇ ಅವನ ಎದೆಯೊಳಗೆ ಏನೋ ಹಗುರವಾಯಿತು. ಮೂರು ಭಾಗ ಮೂರಾಗಿಯೇ ಉಳಿಯುತ್ತವೆ. ಲೆಕ್ಕ ಕುಂಟುವುದಿಲ್ಲ. ಅವನು ಬಾಯಿ ಮುಚ್ಚಿದ.

ಅಖ್ತರುನ್ನೀಸಾ ಅವನ ಮುಖ ನೋಡುತ್ತಿದ್ದಳು. ಬಹಳ ಹೊತ್ತೇನೂ ಅಲ್ಲ.

"ಹೋದ ಶನಿವಾರ ಆಚೀ ಸಾಲಿಗೆ ಹೊಡದ್ರಲ್ಲ," ಎಂದಳು. "ಅವತ್ತ ತರಬೇಕಾಗಿತ್ರಿ. ಅವತ್ತ ಖಾದರ ಸಂತಿಗಿ ಹೋಗಿದ್ದ."

"ಅವತ್ತ..." ಎಂದ ಶ್ರೀಪಾದ.

"ಹೋಗ್ಲಿ ಬಿಡ್ರಿ. ಬಿಸಲಾಗ ಹೊತ್ತು ತಂದೀರಿ, ನೀರರೆ ಕುಡೀರಿ... ಓ, ನೀವು ನಮ್ಮ ನೀರು ಕುಡಿಯೂದಿಲ್ಲಲ್ಲ." ಅವಳು ಮತ್ತೆ ಎಲೆಗೆ ಕೈ ಹಾಕಿದಳು. ಒಳ್ಳೆಯದನ್ನು ಒಂದು ಕಡೆ, ಕಲೆ ಬಿದ್ದದ್ದನ್ನು ಒಂದು ಕಡೆ ಇಡುತ್ತಿದ್ದಳು. ಎರಡನೆಯದೇ ದೊಡ್ಡದಿತ್ತು.

ಶ್ರೀಪಾದ ಗಡಿಗೆಯನ್ನು ಮತ್ತೆ ಎತ್ತಿಕೊಂಡ. ಔಷಧದ ಚೀಟಿಯ ಸಾಲುಗಳಿಗೂ ಅದನ್ನು ಹಾಕುವಂತಿರಲಿಲ್ಲ. ಅವಕ್ಕೆ ಹೊಡೆಯುವ ದಿನ ಬೇರೆ ಇತ್ತು. ಬೇಲಿಯ ಹೊರಗೆ ಒಂದು ಗುಣಿ ತೋಡಿ ಗಡಿಗೆಯನ್ನು ಬಗ್ಗಿಸಿದ. ನೀಲಿ ನೀರು ಕೆಂಪು ಮಣ್ಣಿನಲ್ಲಿ ನಿಂತು, ನೊರೆಯಾಗಿ, ನಿಧಾನಕ್ಕೆ ಇಂಗಿತು. ಅದು ಪೂರ್ತಿ ಇಂಗುವವರೆಗೂ ಯಾಕೆ ನಿಂತಿದ್ದನೆಂದು ಅವನಿಗೇ ತಿಳಿಯಲಿಲ್ಲ. ಮನೆಗೆ ಬಂದಾಗ ಅತ್ತೆ, "ಉಳಿಸಿದೇನು?" ಎಂದು ಕೇಳಿದಳು. "ಒಲ್ಲೆ ಅಂದ್ರು," ಎಂದ. ಅದು ಸುಳ್ಳಾಗಿರಲಿಲ್ಲ. ಅವತ್ತು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ.

ಆಮೇಲಿನ ವಾರಗಳು ಒಂದರಂತೆ ಒಂದು ಕಳೆದವು. ಪ್ರತಿ ಮಂಗಳವಾರ ಎಣಿಕೆ, ಬೇಲಿಯ ಹೊರಗೆ ಚಪ್ಪಲಿ, ಒಳಗೆ ಕೆಸರು, ಮೊದಲನೆಯ ಸಾಲಿನಿಂದ ಇಪ್ಪತ್ತನಾಲ್ಕನೆಯದರವರೆಗೆ. ಔಷಧದ ಸಾಲುಗಳಲ್ಲಿ ಎಲೆ ಅಂಗೈಗಿಂತ ಅಗಲವಾಗಿ, ಕಪ್ಪುಹಸಿರಾಗಿ ಬಂದಿತ್ತು. ಖಾದರಸಾಬ ಶಿಗ್ಗಾವಿಯ ಸಂತೆಗೆ ಹೆಚ್ಚು ಎಲೆಯ ಪೆಂಡಿ ಕಳಿಸತೊಡಗಿದ್ದ. ಖಾಲಿ ಸಾಲುಗಳಲ್ಲಿ ಬಳ್ಳಿಯಿಲ್ಲದ ನುಗ್ಗೆ ಮತ್ತು ಚೊಗಚೆಯ ಆಸರೆ ಮರಗಳು ಬೋಳಾಗಿ ನಿಂತಿದ್ದವು. ಪ್ರೊಫೆಸರರು ಎರಡು ಸಾಲಿನ ಕಾಗದದಲ್ಲಿ, ಇಷ್ಟು ಶುಚಿಯಾದ ಫಲಿತಾಂಶವನ್ನು ತಾವು ಹತ್ತು ವರ್ಷದಲ್ಲಿ ನೋಡಿಲ್ಲವೆಂದು ಬರೆದರು. ಶ್ರೀಪಾದ ಅದನ್ನು ಎರಡು ಸಲ ಓದಿದ. ಹಿಗ್ಗು ಬರಬಹುದೆಂದು ಸ್ವಲ್ಪ ಹೊತ್ತು ಕಾದು, ಕಾಗದವನ್ನು ಪೆಟ್ಟಿಗೆಯಲ್ಲಿ ಇಟ್ಟ.

ಕೊನೆಯ ಎಣಿಕೆಯ ದಿನ ಮೋಡ ಹರಿದು ಬಿಸಿಲು ಬಿದ್ದಿತ್ತು. ಬದುಕಿದ ಬಳ್ಳಿಗೆ ಚುಕ್ಕೆ, ಸತ್ತದ್ದಕ್ಕೆ ಗೀಟು. ಕಡೆಯ ನಾಲ್ಕು ಸಾಲಿಗೆ ಬರುವಷ್ಟರಲ್ಲಿ ಅಖ್ತರುನ್ನೀಸಾ ಎಂದಿನಂತೆ ಅಲ್ಲಿದ್ದಳು. ಹೋದ ವಾರದಿಂದ ಅವಳು ಖಾದರಸಾಬನ ಒಲೆಯ ಅಡಿಗೆಯನ್ನೇ ಉಣ್ಣುತ್ತಿದ್ದಾಳೆಂದು ಚಕ್ಕಡಿಯ ಮಜೀದ ದಾರಿಯಲ್ಲಿ ಹೇಳಿದ್ದ. ಅವಳ ಮುಖದಲ್ಲಿ ಅದು ಕಾಣಲಿಲ್ಲ. ಅವನು ಎಣಿಸುತ್ತ ಹೋದ ಹಾಗೆ ಎರಡು ಹೆಜ್ಜೆ ಹಿಂದೆ ಬರುತ್ತಿದ್ದಳು.

ಇಪ್ಪತ್ತಮೂರನೆಯ ಸಾಲಿನ ನಡುವೆ ಒಂದು ಬಳ್ಳಿ ಇತ್ತು. ಕೆಳಗಿನ ಎಲೆಯೆಲ್ಲ ಉದುರಿತ್ತು. ಮೇಲೆ, ಜೊಂಡಿನ ಗಂಟಿನ ಹತ್ತಿರ, ಎರಡು ಎಲೆ ಬಾಡಿದ್ದರೂ ಹಸಿರಾಗಿದ್ದವು. ಶ್ರೀಪಾದ ಬುಡದ ಮಣ್ಣು ಸರಿಸಲಿಲ್ಲ. ನಿಂತಲ್ಲೇ ಚುಕ್ಕೆ ಇಟ್ಟು ಮುಂದೆ ಹೊರಟ.

"ರಾಯರ, ಅದಕ್ಕ ಚುಕ್ಕಿ ಇಟ್ರಿ."

"ಎಲಿ ಹಸರದ."

"ಎಲೀಗಿ ಇನ್ನ ಗೊತ್ತಾಗಿಲ್ಲರಿ, ಅಷ್ಟ."

ಅವಳು ಬಗ್ಗಿ ಬಳ್ಳಿಯನ್ನು ಬುಡದಲ್ಲಿ ಹಿಡಿದು ಮೆಲ್ಲಗೆ ಎತ್ತಿದಳು. ಜಗ್ಗಬೇಕಾಗಲಿಲ್ಲ. ಬೇರು ನೆಲದಲ್ಲೇ ಉಳಿದು ಬಳ್ಳಿ ಮಾತ್ರ ಕೈಗೆ ಬಂತು. ಕಡಿದುಹೋದ ತುದಿಯನ್ನು ಉಗುರಿನಿಂದ ಕೆರೆದು ಅವನ ಮುಂದೆ ಹಿಡಿದಳು. ಒಳಗೆಲ್ಲ ಕಪ್ಪಗಿತ್ತು.

"ಗೀಟು ಎಳೀರಿ. ನಾಳೆ ಯಾರರೆ ಈ ಲೆಕ್ಕ ನಂಬಿ ತಮ್ಮ ತ್ವಾಟಕ್ಕ ಔಷಧ ಹೊಡಿಯವ್ರದಾರ."

ಅವನು ಚುಕ್ಕೆಯ ಮೇಲೆ ಗೀಟು ಎಳೆದ. ಅವಳು ಬಳ್ಳಿಯನ್ನು ಸುತ್ತಿ ಬದುವಿನ ಮೇಲೆ ಇಟ್ಟು, ಕೈಯ ಮಣ್ಣು ಜಾಡಿಸಿಕೊಂಡು, ಅವನಿಗಿಂತ ಮುಂದೆ ನಡೆದು ಇನ್ನೊಂದು ಬಳ್ಳಿಯ ಹತ್ತಿರ ಕಾಯುತ್ತ ನಿಂತಳು.