ದೊಡ್ಡಮ್ಮ ಒತ್ತಿದ ಕೀಲಿ

ಮುತ್ತು ಒಡೆದರೆ ಹೋಯಿತು, ಮಾತು ಕೀಲಿ ಒತ್ತಿದರೆ ಬಂತು. ಗಾದೆ ಹಾಗಿಲ್ಲ ಅಂತ ಮೂಗು ಮುರಿಯಬೇಡಿ. ಕಥೆ ಹಾಗಿದೆ, ಅದೂ ನೂರಕ್ಕೆ ನೂರು ನಿಜ.

ಗಿಣಿಯ ದೊಡ್ಡಮ್ಮ ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದರು. ಮೈದಾನದ ಆ ತುದಿಯಲ್ಲಿ ಸಾಲು ತಪ್ಪಿದವರನ್ನು ಈ ತುದಿಯಿಂದಲೇ ನೆಟ್ಟಗೆ ನಿಲ್ಲಿಸುತ್ತಿದ್ದ ಗಂಟಲು ಅದು; ಕೊರಳಲ್ಲಿದ್ದ ಸೀಟಿ ಬರೀ ಅಲಂಕಾರಕ್ಕೆ. ಆ ಗಂಟಲಿಗೇ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಅಂದಿನಿಂದ ಮನೆಯವರೆಲ್ಲ ಪಿಸುಗುಟ್ಟತೊಡಗಿದರು. ಕಂಡವರ ದನಿಯನ್ನೆಲ್ಲ ಕದ್ದು ಆಡಿಯೇ ಗಿಣಿ ಎಂಬ ಅಡ್ಡಹೆಸರು ಗಳಿಸಿದ್ದವಳು, ದೊಡ್ಡಮ್ಮನ ದನಿಯನ್ನು ಮಾತ್ರ ಮುಟ್ಟುವುದು ಬಿಟ್ಟಳು.

ದೊಡ್ಡಪ್ಪನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಅಲ್ಲಿದ್ದ ಹಳೇ ಲ್ಯಾಪ್‌ಟಾಪ್‌ಗೆ "ಇನ್ನು ಅಪ್‌ಡೇಟ್ ಬರಲ್ಲ, ಎಸೀರಿ" ಅಂದಿದ್ದ ರಿಪೇರಿಯವನು. ಗಿಣಿ ಅದಕ್ಕೆ ಲಿನಕ್ಸ್ ಎಂಬ ಪುಕ್ಕಟೆ ಸಿಸ್ಟಮ್ ಹಾಕಿ, ಟೈಪ್ ಮಾಡಿದ್ದನ್ನು ಓದಿ ಹೇಳುವ ಪ್ರೋಗ್ರಾಂ ಸೇರಿಸಿ, ದೊಡ್ಡಮ್ಮನ ಮುಂದಿಟ್ಟಳು. ದೊಡ್ಡಮ್ಮ "ಊಟಕ್ಕೆ ಬನ್ನಿ" ಎಂದು ಟೈಪ್ ಮಾಡಿದರು. ತಗಡಿನ ಡಬ್ಬಿಯೊಳಗೆ ಕೂತ ಗುಮಾಸ್ತನ ಹಾಗೆ ಅದು ಒದರಿತು. ದೊಡ್ಡಮ್ಮ ಮುಚ್ಚಳ ಮುಚ್ಚಿ ಸ್ಲೇಟಿನಲ್ಲಿ ಬರೆದರು: "ಇದು ನಾನಲ್ಲ."

"ಸಿಸ್ಟಮ್ ಪುಕ್ಕಟೆ, ದನಿನೂ ಪುಕ್ಕಟೆದೇ ಕೊಟ್ಟಿದಾರೆ ಬಿಡು," ಅಂದರು ದೊಡ್ಡಪ್ಪ.

"ಪುಕ್ಕಟೆ ಅನ್ನೋದೊಂದೇ ಅಲ್ಲ ದೊಡ್ಡಪ್ಪ. ಇದನ್ನ ಬಿಚ್ಚಿ ನಮ್ಮ ಅಳತೆಗೆ ಹೊಲ್ಕೋಬಹುದು," ಅಂದಳು ಗಿಣಿ. ಅಂದ ಮೇಲೆ ಅವಳಿಗೇ ಹೊಳೆಯಿತು.

ಮರುದಿನ ದೊಡ್ಡಪ್ಪ ಅಂಗಡಿಗೆ ಹೋದದ್ದೇ ತಡ, ಸದ್ದು ಹೊರಗೆ ಹೋಗದಿರಲಿ ಅಂತ ಹಾಸಿಗೆಗಳನ್ನು ಪೇರಿಸಿಟ್ಟ ಕೋಣೆ ಹೊಕ್ಕು, ದೊಡ್ಡಮ್ಮನ ಹಳೇ ದನಿಯಲ್ಲಿ ತಾನೇ ಮಾತಾಡಿ ರೆಕಾರ್ಡ್ ಮಾಡಿದಳು. ಒಂದೊಂದು ಕೀಲಿಗೆ ಒಂದೊಂದು ಬೈಗುಳ ಕಟ್ಟಿದಳು. ಹೆಡ್‌ಫೋನನ್ನು ದೊಡ್ಡಮ್ಮನ ಕಿವಿಗೆ ಇಟ್ಟಳು. ಇಲ್ಲದ ದನಿಯನ್ನು ಅಣಕಿಸಿದಳು ಅಂತ ನೊಂದುಕೊಂಡರೆ? ಗಾಯದ ಮೇಲೆ ಬರೆ ಎಳೆದ ಹಾಗಾದರೆ?

ದೊಡ್ಡಮ್ಮ ಎಲ್ಲವನ್ನೂ ಕೇಳಿದರು. ಮುಖ ಕಲ್ಲು.

"ಬೇಡಾಂದ್ರೆ ಈಗ್ಲೇ ಅಳಿಸಿಬಿಡ್ತೀನಿ ದೊಡ್ಡಮ್ಮ..."

ಸ್ಲೇಟು ಬಂತು: "'ರೀ' ಅಂತ ನಾನು ಅಷ್ಟು ಮೆತ್ತಗೆ ಯಾವತ್ತು ಕರೆದಿದ್ದೆ? ಇನ್ನೊಂದು ಸಲ ಹೇಳು. ಹೊಟ್ಟೆಯಿಂದ."

ಗಿಣಿ ಕಣ್ಣೊರೆಸಿಕೊಂಡು ಮತ್ತೆ ಹಾಸಿಗೆಗಳ ಕೋಣೆಗೆ ಓಡಿದಳು.

ಸಂಜೆ ದೊಡ್ಡಪ್ಪ ಬಂದು ಸ್ನಾನ ಮಾಡಿ, ಎಂದಿನಂತೆ ಒದ್ದೆ ಟವೆಲನ್ನು ಹಾಸಿಗೆ ಮೇಲೆ ಎಸೆದು ಅಡುಗೆಮನೆಗೆ ನಡೆದರು. ದೊಡ್ಡಮ್ಮ ಸ್ಪೀಕರನ್ನು ಪೂರ್ತಿ ಏರಿಸಿ ಒಂದು ಕೀಲಿ ಒತ್ತಿದರು.

"ರೀ...! ಟವೆಲ್ ಮತ್ತೆ ಹಾಸಿಗೆ ಮೇಲಾ?"

"ತೆಗ್ದೆ ಕಣೇ, ತೆಗ್ದೆ!" ದೊಡ್ಡಪ್ಪ ಓಡಿ ಬಂದು, ಟವೆಲ್ ಎತ್ತಿಕೊಂಡು, ಬಾಗಿಲವರೆಗೆ ಹೋಗಿ, ಗಕ್ಕನೆ ನಿಂತರು. ತಿರುಗಿ ನೋಡಿದರು. ತುಟಿ ಅದುರಿತು.

ದೊಡ್ಡಮ್ಮನ ಬೆರಳು ಪಕ್ಕದ ಕೀಲಿಗೆ ಸರಿಯಿತು.

"ಏನ್ ನೋಡ್ತಾ ನಿಂತಿದೀರಾ? ಸಾಲಲ್ಲಿ ನಿಲ್ಲಿ!"

"ಎಸ್ ಟೀಚರ್!" ದೊಡ್ಡಪ್ಪ ಟವೆಲ್ ಹಿಡಿದೇ ನೆಟ್ಟಗೆ ನಿಂತರು. ದೊಡ್ಡಮ್ಮನ ಹೆಗಲು ಸದ್ದಿಲ್ಲದೆ ಕುಲುಕಾಡಿತು, ಗಿಣಿ ಕಿಸಕ್ಕೆಂದಳು. ಆಮೇಲೆ ದೊಡ್ಡಪ್ಪ ನಕ್ಕರು ನೋಡಿ, ಪಕ್ಕದ ಮನೆಯ ಕಿಟಕಿ ತೆರೆಯುವಷ್ಟು ಜೋರಾಗಿ, ಅದೇ ಒದ್ದೆ ಟವೆಲಿನಲ್ಲಿ ಕಣ್ಣೊರೆಸಿಕೊಳ್ಳುತ್ತ, "ಇನ್ನೊಂದ್ಸಲ ಒತ್ತೇ, ಇನ್ನೊಂದ್ಸಲ!" ಎನ್ನುತ್ತ.