ಓದಿ ಹೇಳುವ ಆಟ

ಗಂಡನಿಗೆ ಕಣ್ಣು ಹೋದ ಮೇಲೂ ಮನೆಗೆ ವಿಡಿಯೋ ಗೇಮಿನ ಮಾಸಪತ್ರಿಕೆ ಬರುತ್ತಿತ್ತು ಎಂದರೆ ಯಾರಾದರೂ ನಗುತ್ತಾರೆ. ನಗಲಿ. ನಾಗನೂರಿನಲ್ಲಿ ನಗುವವರಿಗೇನು ಬರವೇ? "ಊರಿಗೊಂದು ದಾರಿ ಆದ್ರ ಎಡವಟ್ಟಗೊಂದು ದಾರಿ," ಎಂದು ಅತ್ತೆ ಅಲ್ಲವ್ವ ಮಗನ ಎದುರಿಗೇ ಅನ್ನುತ್ತಿದ್ದರು.

ನಮ್ಮವರು ಗೋಕಾಕದಲ್ಲಿ ಗೇಮಿನ ಅಂಗಡಿ ಇಟ್ಟಿದ್ದರು. ಸಕ್ಕರೆ ಕಾಯಿಲೆ ಮೊದಲು ಕಣ್ಣು ತಿಂದಿತು, ಆಮೇಲೆ ಅಂಗಡಿಯನ್ನು. ಅದನ್ನು ಕೊಂಡ ಗೆಳೆಯ ಶಬ್ಬೀರ ಒಮ್ಮೆ ಮನೆಗೆ ಬಂದಾಗ ಕೇಳಿಯೇ ಬಿಟ್ಟ.

"ಬಾಳೇಶಾ, ಎಲ್ಲಾ ಫೋನಿನ್ಯಾಗ ಪುಕ್ಕಟ ಸಿಗತೈತಿ. ಈ ಪುಸ್ತಕಕ್ಕ ಯಾಕ ಚಂದಾ ತುಂಬತಿ?"

"ಫೋನಿನ್ಯಾಗ ನೋಡಬೇಕಲೇ. ಪುಸ್ತಕ ಆದ್ರ ಮಾಲಾ ಓದತಾಳ. ಬಾಗಲಾ ಹೆಂಗೈತಿ, ಅದರ ಹಿಂದ ಯಾರ ನಿಂತಾರ, ಎಲ್ಲಾ ಬರದಿರತಾರ. ನಾ ಕುಂತಲ್ಲೇ ಆಡತೇನಿ."



ನನಗೂ ಮೊದಮೊದಲು ಸಿಟ್ಟು ಬರುತ್ತಿತ್ತು. ಎಮ್ಮೆಗೆ ನೀರಿಡಬೇಕು, ರೊಟ್ಟಿ ಬಡಿಯಬೇಕು, ಅದರ ಮೇಲೆ ಇವರಿಗೆ ರಾಕ್ಷಸನ ಕೋಟೆಯ ಬಾಗಿಲು ಎಲ್ಲಿದೆ ಎಂದು ಓದಬೇಕು! ನಾನು ಜನ್ಮದಲ್ಲಿ ಒಂದು ಗೇಮನ್ನೂ ಆಡಿದವಳಲ್ಲ. ಇಂಗ್ಲಿಷಿನಲ್ಲಿ ಇದ್ದದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತ ಹೋಗುತ್ತಿದ್ದೆ. "ಎಡಕ್ಕ ಹೊಳ್ಳಲೇನ?" ಎಂದು ಕೇಳುವಾಗ ಅವರ ಹೆಬ್ಬೆರಳುಗಳು ತಾವಾಗಿಯೇ ಆಡುತ್ತಿದ್ದವು. ಮದುವೆಯಾದ ಹೊಸತರಲ್ಲಿ ನೋಡಿದ ಮನುಷ್ಯ ಆಗಷ್ಟೇ ನನಗೆ ಮರಳಿ ಸಿಗುತ್ತಿದ್ದ.

ಈ ವರ್ಷ ಪತ್ರಿಕೆಯವರು ಅಚ್ಚು ಹಾಕುವುದನ್ನೇ ನಿಲ್ಲಿಸಿದರು. ಅದನ್ನು ನಮ್ಮವರಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ಬೀಜದ ಕಂಪನಿಯವರು ಹಂಚಿದ್ದ ನುಣುಪು ಹಾಳೆಯ ಪುಸ್ತಕವೊಂದನ್ನು ಹಿಡಿದುಕೊಂಡು ಕೂತೆ. ತಲೆಗೆ ಬಂದದ್ದನ್ನೇ ಓದಿದೆ. ಕತ್ತಲೆಯ ಊರು. ಒಬ್ಬ ಹೆಂಗಸು ಒಬ್ಬ ಗಂಡಸಿನ ಕೈ ಹಿಡಿದು ಅಲ್ಲಿಂದ ಪಾರುಮಾಡಬೇಕು. ಹೊಳೆ ಅಡ್ಡ ಬಂದರೆ ದೋಣಿ ಸಿಗುತ್ತದೆ. ಬಾಗಿಲು ಬಡಿದರೆ ಯಾರೋ ರೊಟ್ಟಿ ಕೊಡುತ್ತಾರೆ.

ಅವರ ಬೆರಳುಗಳು ನಿಂತುಬಿಟ್ಟವು.

"ಇದರಾಗ ವೈರಿ ಯಾರೂ ಇಲ್ಲೇನ?"

ಆಟಕ್ಕೆ ವೈರಿ ಬೇಕೆಂಬುದೇ ನನಗೆ ಹೊಳೆದಿರಲಿಲ್ಲ.

"ಮುಂದ ಬರತಾರ್ರಿ," ಎಂದೆ.

"ಯಾರೂ ಸಾಯೂದಿಲ್ಲ?"

"ಇನ್ನೂ ಇಲ್ರಿ."

ಅವರು ಕೈಚಾಚಿ ಪುಸ್ತಕ ಇಸಿದುಕೊಂಡು ಮೆಲ್ಲಗೆ ಮುಚ್ಚಿದರು.

"ಈ ಆಟ ಕಟ್ಟಿದಾಕಿ ಭಾಳ ದಣದಾಳ, ಮಾಲಾ. ಇನ್ನ ಸಾಕ ಮಾಡು."

ನಾನು ಅತ್ತುಬಿಟ್ಟೆ, ಅತ್ತೆಗೆ ಕೇಳಿಸುವಷ್ಟು ಜೋರಾಗಿ. ಅವರು ಅಳಲಿಲ್ಲ, ನನ್ನ ತಲೆ ಸವರುತ್ತ ಕೂತರು. ಅಂದಿನಿಂದ ಒಮ್ಮೆಯೂ ಪುಸ್ತಕ ಬಂತೇನು ಎಂದು ಕೇಳಿಲ್ಲ. ಒಂದು ಸಲ ಕೇಳಿದ್ದರೆ ಸಾಕಿತ್ತು, ವೈರಿಗಳನ್ನೂ ಸೇರಿಸಿ ಓದುತ್ತಿದ್ದೆ.